ಕಬ್ಬಿಣದ ಟೋಪಿಯ ಕಿಂಡಿ: ನೆಡ್ ಕೆಲ್ಲಿ ಇವತ್ತಿಗೂ ಎಲ್ಲೆಲ್ಲೂ ಯಾಕೆ ಕಾಣುತ್ತಾನೆ?

ಪ್ರಶ್ನೆ: ನಾವು ಮೆಲ್ಬರ್ನಿಗೆ ಬಂದು ಎರಡು ವರ್ಷವಾಯಿತು. ಮಗಳಿಗೆ ಶಾಲೆಯಲ್ಲಿ ನೆಡ್ ಕೆಲ್ಲಿ ಕುರಿತು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕಿಂಡಿ ಇರುವ ಆ ಡಬ್ಬಿಯಂಥ ಟೋಪಿಯನ್ನು ಅಂಚೆ ಡಬ್ಬಿಯ ಮೇಲೆ, ಟೀ ಶರ್ಟಿನ ಮೇಲೆ, ಜನರ ತೋಳಿನ ಹಚ್ಚೆಯಲ್ಲೂ ನೋಡಿದ್ದೇವೆ. ಅವನು ಮೂವರು ಪೊಲೀಸರನ್ನು ಕೊಂದವನು ಎಂದು ಈಗಷ್ಟೇ ಓದಿ ಗೊತ್ತಾಯಿತು. ಕೊಲೆಗಾರನೊಬ್ಬನನ್ನು ಜನ ಇಷ್ಟು ಹಚ್ಚಿಕೊಂಡಿರುವುದು ಯಾಕೆ? ಪ್ರಾಜೆಕ್ಟ್‌ಗೆ ಏನನ್ನು ನಂಬಬಹುದು, ಏನನ್ನು ಬಿಡಬೇಕು? ಮಗಳಿಗೆ ಆ ಟೋಪಿಯ ಮಾದರಿಯನ್ನೂ ಮಾಡಬೇಕಂತೆ.

ಉತ್ತರ: ನಿಮ್ಮ ಇರುಸುಮುರುಸು ಸರಿಯಾದದ್ದೇ. ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದವರಲ್ಲೂ ಈ ಜಗಳ 140 ವರ್ಷ ದಾಟಿದರೂ ಮುಗಿದಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಆ ಕಾಲದಲ್ಲಿ ಕಾಡು ಹಿಡಿದು ದರೋಡೆ ಮಾಡಿದವರು ಬಹಳ ಮಂದಿ ಇದ್ದರು. ಅವರಿಗೆ ಅಲ್ಲಿ ಬುಷ್‌ರೇಂಜರ್ ಎನ್ನುತ್ತಿದ್ದರು. ಅವರಲ್ಲಿ ಇವನೊಬ್ಬನೇ ಮಗುವಿನ ಚಿತ್ರದ ಪುಸ್ತಕದವರೆಗೆ ಬಂದದ್ದು ಹೇಗೆ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ.

ಮೊದಲು ಕಥೆ, ಚುಟುಕಾಗಿ. ಎಡ್ವರ್ಡ್ ಕೆಲ್ಲಿ ಹುಟ್ಟಿದ್ದು ಸುಮಾರು 1854ರ ಕೊನೆಗೆ, ವಿಕ್ಟೋರಿಯಾದ ಬೆವರಿಜ್‌ನಲ್ಲಿ. ಅಪ್ಪ ಐರ್ಲೆಂಡಿನಲ್ಲಿ ಎರಡು ಹಂದಿ ಕದ್ದದ್ದಕ್ಕೆ ಗಡೀಪಾರಾಗಿ ಬಂದವನು, 1866ರಲ್ಲಿ ತೀರಿಕೊಂಡ. ತಾಯಿ ಎಲೆನ್ ಮಕ್ಕಳನ್ನು ಕಟ್ಟಿಕೊಂಡು ಗ್ರೆಟಾ ಬಳಿ ಸಣ್ಣ ಜಮೀನು ಹಿಡಿದಳು. ಆಗ ಸರ್ಕಾರ ಬಡ ರೈತರಿಗೆ ತುಂಡು ಭೂಮಿ ಕೊಡುತ್ತಿತ್ತು. 1869ರ ಕಾಯ್ದೆಯ ಪ್ರಕಾರ ಒಬ್ಬರಿಗೆ ಹೆಚ್ಚೆಂದರೆ 320 ಎಕರೆ. ಆದರೆ ನೀರಿರುವ ಒಳ್ಳೆಯ ನೆಲವೆಲ್ಲ ಮೊದಲೇ ದೊಡ್ಡ ಕುರಿ-ದನಗಾಹಿ ಸಾಹುಕಾರರ ಕೈಯಲ್ಲಿತ್ತು. ಪೊಲೀಸರು ಆ ಸಾಹುಕಾರರ ಪರ ಎಂಬುದು ಬಡವರ ಬಲವಾದ ನಂಬಿಕೆ. ಕೆಲ್ಲಿ ಹುಡುಗರು ಕುದುರೆ ಕದ್ದದ್ದೂ ನಿಜ, ಅದಕ್ಕಾಗಿ ಜೈಲು ಕಂಡದ್ದೂ ನಿಜ. 1878ರ ಏಪ್ರಿಲ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಕಾನ್‌ಸ್ಟೆಬಲ್ ಅವರ ಮನೆಗೆ ಹೋದಾಗ ಗಲಾಟೆಯಾಯಿತು. ನೆಡ್ ತನ್ನ ಮೇಲೆ ಗುಂಡು ಹಾರಿಸಿದನೆಂದು ಅವನು ದೂರಿದ. ನೆಡ್ ತಪ್ಪಿಸಿಕೊಂಡ. ತಾಯಿಗೆ ಮೂರು ವರ್ಷ ಸಜೆಯಾಯಿತು, ಎಳೆಗೂಸನ್ನು ಎದೆಗವಚಿಕೊಂಡೇ ಆಕೆ ಜೈಲಿಗೆ ಹೋದಳು. ಆ ಕಾನ್‌ಸ್ಟೆಬಲ್‌ನನ್ನು ಮುಂದೆ ಇಲಾಖೆಯೇ ಕೆಲಸದಿಂದ ತೆಗೆದುಹಾಕಿತು.

1878ರ ಅಕ್ಟೋಬರ್ 26ರಂದು ಸ್ಟ್ರಿಂಗಿಬಾರ್ಕ್ ಕ್ರೀಕ್ ಎಂಬ ತೊರೆಯ ಬಳಿ, ತಮ್ಮನ್ನು ಹುಡುಕಿಕೊಂಡು ಬಂದು ಬಿಡಾರ ಹೂಡಿದ್ದ ನಾಲ್ವರು ಪೊಲೀಸರ ಮೇಲೆ ನೆಡ್, ತಮ್ಮ ಡ್ಯಾನ್, ಗೆಳೆಯರಾದ ಜೋ ಬರ್ನ್, ಸ್ಟೀವ್ ಹಾರ್ಟ್ ಎರಗಿದರು. ಸಾರ್ಜೆಂಟ್ ಮೈಕಲ್ ಕೆನೆಡಿ, ಕಾನ್‌ಸ್ಟೆಬಲ್ ಥಾಮಸ್ ಲೋನಿಗನ್, ಕಾನ್‌ಸ್ಟೆಬಲ್ ಮೈಕಲ್ ಸ್ಕ್ಯಾನ್ಲನ್ ಸತ್ತರು. ಒಬ್ಬ ತಪ್ಪಿಸಿಕೊಂಡ. ಸತ್ತವರೂ ಐರಿಷ್ ಮೂಲದವರೇ. ಈ ಮೂರು ಹೆಸರುಗಳನ್ನು ಮಗಳ ಚಾರ್ಟಿನಲ್ಲಿ ನೆಡ್‌ನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ಮಕ್ಕಳ ಪ್ರಾಜೆಕ್ಟ್‌ಗಳಲ್ಲಿ ಬಿಟ್ಟುಹೋಗುವುದು ಇವೇ.

ಆಮೇಲೆ ಸರ್ಕಾರ ವಿಶೇಷ ಕಾಯ್ದೆ ತಂದು ನಾಲ್ವರನ್ನೂ ಕಾನೂನಿನ ಆಸರೆಯಿಂದ ಹೊರಹಾಕಿತು. ಶರಣಾಗದಿದ್ದರೆ ಯಾರು ಬೇಕಾದರೂ ಗುಂಡಿಟ್ಟು ಕೊಲ್ಲಬಹುದು. ಡಿಸೆಂಬರಿನಲ್ಲಿ ಯುರೋವಾದ ಬ್ಯಾಂಕ್, 1879ರ ಫೆಬ್ರವರಿಯಲ್ಲಿ ಜೆರಿಲ್ಡೆರಿಯ ಬ್ಯಾಂಕ್ ಲೂಟಿಯಾದವು, ತಲಾ ಸುಮಾರು ಎರಡು ಸಾವಿರ ಪೌಂಡ್. ಜೆರಿಲ್ಡೆರಿಯಲ್ಲಿ ಪೊಲೀಸರನ್ನು ಅವರದೇ ಲಾಕಪ್ಪಿನಲ್ಲಿ ಕೂಡಿಹಾಕಿ, ಅವರದೇ ಸಮವಸ್ತ್ರ ತೊಟ್ಟು ಊರಲ್ಲಿ ಓಡಾಡಿದರು, ಬ್ಯಾಂಕಿನ ಸಾಲದ ಕಾಗದಪತ್ರಗಳನ್ನು ಸುಟ್ಟರು. ಸಾಲದಲ್ಲಿ ಮುಳುಗಿದ್ದ ರೈತನಿಗೆ ಈ ಸುದ್ದಿ ಹೇಗೆ ಕೇಳಿಸಿರಬಹುದು ಎಂದು ಊಹಿಸಿಕೊಳ್ಳಿ. ಇನಾಮು ಎಂಟು ಸಾವಿರ ಪೌಂಡಿಗೆ ಏರಿತು. ಆದರೂ ಹದಿನಾರು ತಿಂಗಳು ಅವರು ಪೊಲೀಸರ ಕೈಗೆ ಸಿಗಲಿಲ್ಲ. ನೆಂಟರು, ಹಿತೈಷಿಗಳು ಅನ್ನ ಹಾಕಿ ಬಚ್ಚಿಟ್ಟರು.

ಇಲ್ಲಿಯವರೆಗಿನದು ಯಾವ ದೇಶದ ಬಂಡುಕೋರನಿಗೂ ಹೊಂದುವ ಕಥೆ. ನಮ್ಮ ಹಲಗಲಿ ಬೇಡರು, ಸಿಂಧೂರ ಲಕ್ಷ್ಮಣ ಲಾವಣಿಯಲ್ಲಿ, ನಾಟಕದಲ್ಲಿ ಉಳಿದ ಹಾಗೆ ಇವನೂ ಐರಿಷ್ ಧಾಟಿಯ ಹಾಡುಗಳಲ್ಲಿ ಉಳಿಯುತ್ತಿದ್ದ. ಅವನು ಇನ್ನೂ ಕಾಡಿನಲ್ಲಿರುವಾಗಲೇ ಹಾಡು ಕಟ್ಟಿದ್ದರು. ಹಾಡಿನಿಂದ ಆಚೆಗೆ ಅವನನ್ನು ಎಳೆದು ತಂದದ್ದು 1880ರ ಜೂನ್ 28ರ ಬೆಳಗಿನ ಜಾವ.

ಗ್ಲೆನ್‌ರೋವನ್ ಎಂಬ ಸಣ್ಣ ಊರಿನ ಹೋಟೆಲಿನಲ್ಲಿ ಕೆಲ್ಲಿ ತಂಡ ಅರವತ್ತು ಜನರ ಆಸುಪಾಸು ಒತ್ತೆ ಇಟ್ಟುಕೊಂಡಿತ್ತು. ಊರಾಚೆ ರೈಲು ಹಳಿ ಕಿತ್ತು, ಪೊಲೀಸರ ವಿಶೇಷ ರೈಲನ್ನು ಉರುಳಿಸುವ ಸಂಚು. ಆ ರೈಲಿನಲ್ಲಿ ಇದ್ದವರೆಲ್ಲ ಸಾಯಬಹುದಿತ್ತು ಎಂಬುದನ್ನು ಅಭಿಮಾನಿಗಳು ಬೇಗ ಮರೆಯುತ್ತಾರೆ. ಊರಿನ ಶಾಲಾ ಮೇಷ್ಟ್ರು ಥಾಮಸ್ ಕರ್ನೋ ಮನೆಗೆ ಹೋಗಲು ಅಪ್ಪಣೆ ಪಡೆದು, ಕೆಂಪು ಶಾಲಿನ ಹಿಂದೆ ಮೋಂಬತ್ತಿ ಹಿಡಿದು ರೈಲು ನಿಲ್ಲಿಸಿದ. ಅಷ್ಟು ಜನರ ಜೀವ ಉಳಿಸಿದವನ ಹೆಸರಿನ ಟೀ ಶರ್ಟ್ ಎಲ್ಲೂ ಕಾಣುವುದಿಲ್ಲ.

ಈ ರೈಲಿನಲ್ಲಿ ಪೊಲೀಸರ ಜೊತೆ ಮೆಲ್ಬರ್ನಿನ ಪತ್ರಕರ್ತರೂ ಇದ್ದರು, ಚಿತ್ರ ಬರೆಯುವ ಕಲಾವಿದನೊಬ್ಬನೂ ಇದ್ದ. ಟೆಲಿಗ್ರಾಫ್ ತಂತಿ ಪಕ್ಕದಲ್ಲೇ ಇತ್ತು. ಗುಂಡಿನ ಕಾಳಗದ ಸುದ್ದಿ ಅದೇ ದಿನ ಮೆಲ್ಬರ್ನಿನ ಬೀದಿಗೆ ಬಂತು. ಮರುದಿನ ಬೆನಾಲ್ಲಾದಲ್ಲಿ ಪೊಲೀಸರು ಜೋ ಬರ್ನ್‌ನ ಹೆಣವನ್ನು ಲಾಕಪ್ಪಿನ ಬಾಗಿಲಿಗೆ ನೇತುಹಾಕಿ ಫೋಟೋಗ್ರಾಫರುಗಳಿಗೆ ತೋರಿಸಿದರು. ಜೆ. ಡಬ್ಲ್ಯು. ಲಿಂಟ್ ತೆಗೆದ ಫೋಟೋದಲ್ಲಿ ಹೆಣದ ಮುಂದೆ ಕ್ಯಾಮೆರಾ ಹಿಡಿದ ಇನ್ನೊಬ್ಬನಿದ್ದಾನೆ, ಸುತ್ತ ಕುತೂಹಲದ ಮುಖಗಳಿವೆ. ದಂತಕಥೆಯೊಂದು ತಯಾರಾಗುವುದನ್ನು ಕಣ್ಣಾರೆ ಕಾಣಬೇಕಿದ್ದರೆ ಆ ಒಂದು ಫೋಟೋ ಸಾಕು. ಮಗಳಿಗೆ ಮಾತ್ರ ತೋರಿಸಬೇಡಿ, ಹೆಣದ ಚಿತ್ರ.

ಇನ್ನು ಕವಚ. ಕಬ್ಬಿಣದ ನೇಗಿಲಿಗೆ ಮಣ್ಣು ಮಗುಚುವ ಬಾಗಿದ ತಗಡೊಂದು ಇರುತ್ತದಲ್ಲ, ಉತ್ತರ ಕರ್ನಾಟಕದ ಕಡೆ ರೆಂಟೆ ಹೊಡೆದವರಿಗೆ ಚೆನ್ನಾಗಿ ಗೊತ್ತು, ಆ ತಗಡುಗಳಿಂದ ನಾಲ್ಕು ಜೊತೆ ಕವಚ ಮಾಡಿದರು. ಸುಮಾರು 6 ಮಿಲಿಮೀಟರ್ ದಪ್ಪದ ಕಬ್ಬಿಣ. ನೆಡ್‌ನದು ಒಟ್ಟು ಸುಮಾರು 44 ಕಿಲೋ: ಟೋಪಿ, ಎದೆ ತಗಡು, ಬೆನ್ನ ತಗಡು, ಭುಜಕ್ಕೆ ತುಂಡುಗಳು, ತೊಡೆಯ ಸಂದಿ ಕಾಯಲು ಮುಂದೆ ಇಳಿಬಿಟ್ಟ ಏಪ್ರನ್. ಒಂದು ಮೂಟೆ ಸಿಮೆಂಟಿಗೆ ಆರು ಕಿಲೋ ಮಾತ್ರ ಕಡಿಮೆ. ಜೋ ಬರ್ನ್‌ನ ಕವಚವನ್ನು ಇತ್ತೀಚೆಗೆ ವಿಜ್ಞಾನಿಗಳು ಪರೀಕ್ಷಿಸಿದಾಗ ಕಬ್ಬಿಣ ಎಲ್ಲ ಕಡೆ ಒಂದೇ ಸಮ ಕಾದಿಲ್ಲ ಎಂದು ಗೊತ್ತಾಯಿತು. ನುರಿತ ಕಮ್ಮಾರನ ಕುಲುಮೆಯಲ್ಲಿ ಹಾಗಾಗುವುದಿಲ್ಲ, ಬಯಲಲ್ಲಿ ಹೂಡಿದ ತಾತ್ಕಾಲಿಕ ಒಲೆಯಲ್ಲಿ ಕೆಂಪಗೆ ಕಾಯಿಸಿ ಬಡಿದರೆ ಹೀಗಾಗುತ್ತದೆ.

ಗುಂಡನ್ನು ತಡೆಯಿತೇ? ತಡೆಯಿತು. ಎದೆಗೂ ಟೋಪಿಗೂ ಬಡಿದ ಗುಂಡುಗಳು ಗುಳಿ ಮಾಡಿ ಹಾರಿಹೋದವು, ಆ ಗುಳಿಗಳನ್ನು ಇವತ್ತಿಗೂ ಎಣಿಸಬಹುದು. ಸೋತದ್ದು ಬೇರೆ ಕಡೆ. ತೋಳಿಗೆ, ಕಾಲಿಗೆ ಏನೂ ಇರಲಿಲ್ಲ. ಟೋಪಿ ಹಾಕಿಕೊಂಡರೆ ಬಂದೂಕನ್ನು ಕೆನ್ನೆಗಾನಿಸಿ ಗುರಿ ಹಿಡಿಯಲು ಆಗುವುದಿಲ್ಲ. ಕಿಂಡಿಯಿಂದ ಎದುರಿನದಷ್ಟೇ ಕಾಣುತ್ತದೆ, ಅಕ್ಕಪಕ್ಕ ಕುರುಡು. ಅಷ್ಟು ಭಾರ ಹೊತ್ತವನು ಓಡಲಾರ. ಜೋ ಬರ್ನ್ ಏಪ್ರನ್ ತಗಡು ಕಾಯದ ಕಡೆ, ತೊಡೆಸಂದಿಗೆ ಗುಂಡು ಬಿದ್ದು ಸತ್ತ. ನೆಡ್ ಮೊದಲ ಸುತ್ತಿನಲ್ಲೇ ಕೈಗೂ ಪಾದಕ್ಕೂ ಪೆಟ್ಟು ತಿಂದು ಕಾಡಿಗೆ ಸರಿದ. ನಸುಕಿನ ಮಂಜಿನಲ್ಲಿ ಪೊಲೀಸರ ಬೆನ್ನ ಹಿಂದಿನಿಂದ ನಡೆದು ಬಂದಾಗ ಅವರಿಗೆ ಕಂಡದ್ದು ತಲೆಯಿಲ್ಲದ, ಕುತ್ತಿಗೆಯೇ ಕಂಬದಂತಿರುವ, ಗುಂಡು ಬಡಿದರೆ ಗಂಟೆಯಂತೆ ಠಣ್ ಎನ್ನುವ ಆಕಾರ. ದೆವ್ವ ಎಂದುಕೊಂಡವರೂ ಇದ್ದರು. ಕೊನೆಗೆ ಕಾಲಿಗೆ ಗುಂಡು ಹೊಡೆದು ಉರುಳಿಸಿದರು. ಡ್ಯಾನ್, ಸ್ಟೀವ್ ಒಳಗೇ ಸತ್ತರು. ಒತ್ತೆಯಾಳುಗಳಲ್ಲಿ ಹೋಟೆಲಿನೊಡತಿಯ ಮಗ, ಹದಿಮೂರು ವರ್ಷದ ಹುಡುಗನೂ ಗುಂಡೇಟಿಗೆ ಬಲಿಯಾದ.

ಗಾಯಾಳು ನೆಡ್‌ನ ಕವಚ ಬಿಚ್ಚಿದಾಗ ಒಳಗೆ ಬಂಗಾರದ ಅಂಚಿನ ಹಸಿರು ರೇಷ್ಮೆಯ ನಡುಪಟ್ಟಿ ಸಿಕ್ಕಿತು. ಬಾಲ್ಯದಲ್ಲಿ ಅವೆನೆಲ್ ಊರಿನ ತೊರೆಯಲ್ಲಿ ಮುಳುಗುತ್ತಿದ್ದ ಹುಡುಗನೊಬ್ಬನನ್ನು ಎತ್ತಿ ಉಳಿಸಿದ್ದಕ್ಕೆ ಆ ಮನೆಯವರು ಕೊಟ್ಟ ಉಡುಗೊರೆ ಅದು. ರಕ್ತದ ಕಲೆ ಸಹಿತ ಬೆನಾಲ್ಲಾದ ಮ್ಯೂಸಿಯಂನಲ್ಲಿದೆ. ಕಬ್ಬಿಣದ ಹೊರಮೈ, ರೇಷ್ಮೆಯ ಒಳಮೈ. ಇಂಥದ್ದನ್ನು ಕಥೆಗಾರನೊಬ್ಬ ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಮೆಲ್ಬರ್ನಿನಲ್ಲಿ ವಿಚಾರಣೆ ನಡೆದು, ತಾಯಿಗೆ ಶಿಕ್ಷೆ ಕೊಟ್ಟಿದ್ದ ಅದೇ ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ ಮಗನಿಗೂ ಮರಣದಂಡನೆ ಕೊಟ್ಟರು. ನಾನು ಹೋಗುವ ಕಡೆ ನಿಮ್ಮನ್ನು ಕಾಣುತ್ತೇನೆ ಎಂಬರ್ಥದ ಮಾತನ್ನು ನೆಡ್ ಕಟಕಟೆಯಿಂದ ಹೇಳಿದ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಫಲಿಸಲಿಲ್ಲ. 1880ರ ನವೆಂಬರ್ 11ರಂದು ಗಲ್ಲಿಗೇರಿಸಿದರು, ವಯಸ್ಸು 25. ಹನ್ನೆರಡು ದಿನಕ್ಕೆ ನ್ಯಾಯಾಧೀಶರೂ ಕಾಯಿಲೆಯಿಂದ ತೀರಿಕೊಂಡರು. ಜನ ಇದನ್ನು ಶಾಪವೆಂದು ಹೇಳಿಕೊಳ್ಳದೆ ಇರುತ್ತಾರೆಯೇ?

ಮಾರುಕಟ್ಟೆ ಆ ಕ್ಷಣಕ್ಕೇ ತೆರೆದುಕೊಂಡಿತು. ಗಲ್ಲಾದ ರಾತ್ರಿಯೇ ತಂಗಿ ಕೇಟ್, ತಮ್ಮ ಜಿಮ್ ಮೆಲ್ಬರ್ನಿನ ಅಪೋಲೋ ಹಾಲ್‌ನಲ್ಲಿ ವೇದಿಕೆಯ ಮೇಲೆ ಜನರಿಗೆ ಕಾಣಿಸಿಕೊಂಡರು. ಮೇಣದ ಗೊಂಬೆಗಳ ಮ್ಯೂಸಿಯಂ ನಡೆಸುತ್ತಿದ್ದ ಕ್ರೈಟ್‌ಮೇಯರ್ ಎಂಬಾತ ಹೆಣದ ತಲೆ ಬೋಳಿಸಿ ಮುಖದ ಅಚ್ಚು ತೆಗೆದು ಬರ್ಕ್ ಸ್ಟ್ರೀಟಿನಲ್ಲಿ ಪ್ರದರ್ಶನಕ್ಕಿಟ್ಟ.

1906ರ ಡಿಸೆಂಬರ್ 26ರಂದು ಮೆಲ್ಬರ್ನಿನ ಅಥೆನಿಯಂ ಹಾಲ್‌ನಲ್ಲಿ ಕೆಲ್ಲಿ ತಂಡದ ಮೇಲೆ ಚಾರ್ಲ್ಸ್ ಟೇಟ್ ಮಾಡಿದ ಸಿನಿಮಾ ತೆರೆಕಂಡಿತು. ಒಂದು ಗಂಟೆಗೂ ಮೀರಿದ ಉದ್ದ. ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ಎಂದು ಯುನೆಸ್ಕೋ 2007ರಲ್ಲಿ ತನ್ನ ವಿಶ್ವಸ್ಮೃತಿ ದಾಖಲೆಗೆ ಸೇರಿಸಿದ್ದು ಇದನ್ನೇ. ಈಗ ಕಾಲು ಗಂಟೆಗೆ ತುಸು ಹೆಚ್ಚಷ್ಟೇ ಉಳಿದಿದೆ. ಕೆಲ್ಲಿ ಓಡಾಡಿದ ಬೆನಾಲ್ಲಾ, ವಾಂಗರಟ್ಟಾ ಊರುಗಳಲ್ಲೇ ಇದಕ್ಕೆ ನಿಷೇಧ ಬಿತ್ತು. 1912ರ ಹೊತ್ತಿಗೆ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಎರಡೂ ಕಡೆ ಬುಷ್‌ರೇಂಜರ್ ಸಿನಿಮಾಗಳನ್ನೇ ತಡೆದರು. ಹುಡುಗರು ಕೆಡುತ್ತಾರೆ, ಪೊಲೀಸರಿಗೆ ಅವಮಾನ ಎಂಬ ಕಾರಣಗಳು. ಪರಿಣಾಮ ಏನಾಯಿತೆಂದರೆ, ಅಮೆರಿಕದ ಕೌಬಾಯ್ ಸಿನಿಮಾ ಬೆಳೆದು ಜಗತ್ತನ್ನು ಆವರಿಸುತ್ತಿದ್ದ ದಶಕಗಳಲ್ಲಿ ಆಸ್ಟ್ರೇಲಿಯಾದ ಅದೇ ಬಗೆಯ ಪ್ರಕಾರ ಮೊಳಕೆಯಲ್ಲೇ ಬಾಡಿತು. ಆಮೇಲೆ 1970ರಲ್ಲಿ ಮಿಕ್ ಜಾಗರ್, 2003ರಲ್ಲಿ ಹೀತ್ ಲೆಡ್ಜರ್ ನೆಡ್ ಆಗಿ ನಟಿಸಿದರು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿನಿಮಾಗಳು ಕೆಲ್ಲಿಗೆ ಹೊಸದೇನನ್ನೂ ಸೇರಿಸಲಿಲ್ಲ.

ಸೇರಿಸಿದವನು ಚಿತ್ರಕಾರ ಸಿಡ್ನಿ ನೋಲನ್. 1946-47ರಲ್ಲಿ ಮೆಲ್ಬರ್ನಿನ ಹೊರವಲಯದ ಹೈಡಿ ಎಂಬ ಮನೆಯಲ್ಲಿ ಕೂತು, ಗೋಡೆಗೆ ಬಳಿಯುವ ರಿಪೋಲಿನ್ ಎನಾಮೆಲ್ ಬಣ್ಣದಲ್ಲಿ 27 ಚಿತ್ರಗಳ ಸರಣಿ ಬರೆದ. ಆಗ ನೋಲನ್ ಸ್ವತಃ ಸೈನ್ಯ ಬಿಟ್ಟು ಓಡಿಬಂದು, ಸುಳ್ಳು ಹೆಸರಿನಲ್ಲಿ ತಲೆಮರೆಸಿಕೊಂಡಿದ್ದವನು. ನಿಜವಾದ ಟೋಪಿ ಕೊಳವೆಯಾಕಾರದ್ದು, ತಗಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ ಒರಟು ವಸ್ತು. ನೋಲನ್ ಅದನ್ನು ಚಪ್ಪಟೆ ಕಪ್ಪು ಚೌಕವಾಗಿಸಿದ, ಮಧ್ಯೆ ಆಯತಾಕಾರದ ಕಿಂಡಿ. ಅತಿ ಪ್ರಸಿದ್ಧ ಚಿತ್ರದಲ್ಲಿ ನೆಡ್ ಕುದುರೆಯ ಮೇಲೆ ನಮಗೆ ಬೆನ್ನು ಹಾಕಿ ಹೊರಟಿದ್ದಾನೆ. ಕಿಂಡಿಯಲ್ಲಿ ತಲೆಯಿಲ್ಲ, ಆಚೆ ಬದಿಯ ಆಕಾಶ, ಮೋಡ ಕಾಣುತ್ತದೆ. ಟೀ ಶರ್ಟಿನಲ್ಲಿ, ಅಂಚೆ ಡಬ್ಬಿಯಲ್ಲಿ ನೀವು ನೋಡಿರುವುದು ಹೆಚ್ಚಾಗಿ 1880ರ ಟೋಪಿಯಲ್ಲ, 1946ರ ನೋಲನ್‌ನ ಚೌಕ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕುಣಿದ ಕೆಲ್ಲಿ ವೇಷಗಳೂ ಅದೇ ಚೌಕದವು. ಸರಣಿಯ 26 ಚಿತ್ರ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿವೆ. ಉಳಿದ ಒಂದನ್ನು 2010ರಲ್ಲಿ ಸಿಡ್ನಿಯ ಗ್ಯಾಲರಿ 54 ಲಕ್ಷ ಡಾಲರ್‌ಗೆ ಕೊಂಡಿತು.

ನನ್ನ ಮಟ್ಟಿಗೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಆ ಕಿಂಡಿಯಲ್ಲಿದೆ. ಮಗು ಐದು ಗೆರೆಯಲ್ಲಿ ಬರೆಯಬಹುದಾದ ಆಕಾರ, ಒಳಗೆ ಮುಖವಿಲ್ಲ. ಮುಖವಿಲ್ಲದ್ದರಿಂದ ಯಾರ ಸಿಟ್ಟನ್ನಾದರೂ ಅಲ್ಲಿಟ್ಟು ನೋಡಬಹುದು. ಕಾರ್ಮಿಕ ಸಂಘದವರು, ಬ್ಯಾಂಕ್ ಸಾಲದಲ್ಲಿರುವ ರೈತರು, ಬೈಕ್ ಗ್ಯಾಂಗಿನವರು, ಎಲ್ಲರೂ ಇಟ್ಟಿದ್ದಾರೆ. ವಿಕ್ಟೋರಿಯಾದಿಂದ ಸಾವಿರಾರು ಕಿಲೋಮೀಟರ್ ದೂರದ ಉತ್ತರ ಪ್ರಾಂತ್ಯದಲ್ಲಿ ಯಾರಲಿನ್ ಎಂಬಲ್ಲಿನ ಮೂಲನಿವಾಸಿಗಳು ನೆಡ್ ಕೆಲ್ಲಿಯನ್ನು ಯೇಸುವಿನ ಹಾಗೆ ಸತ್ತು ಎದ್ದ ಒಬ್ಬನೇ ನ್ಯಾಯವಂತ ಬಿಳಿಯನೆಂದು ಕಥೆ ಹೇಳುತ್ತಾರೆ, ಅನ್ಯಾಯದ ಬಿಳಿಯನಾಗಿ ಕ್ಯಾಪ್ಟನ್ ಕುಕ್ ಬರುತ್ತಾನೆ. ಅಲ್ಲಿಗೆ ನೆಡ್ ಕಾಲಿಟ್ಟವನೇ ಅಲ್ಲ.

ಮುಖವಿಲ್ಲದಿದ್ದರೂ ದನಿ ಇದೆ, ಅದು ಇನ್ನೊಂದು ಬಲ. ಜೆರಿಲ್ಡೆರಿ ದರೋಡೆಯ ವೇಳೆಗೆ ನೆಡ್ ಹೇಳಿ, ಜೋ ಬರ್ನ್ ಬರೆದ 56 ಪುಟದ ಪತ್ರವೊಂದಿದೆ, ಸುಮಾರು ಎಂಟು ಸಾವಿರ ಪದ. ಊರಿನ ಪತ್ರಿಕೆಯವನಿಂದ ಅಚ್ಚು ಹಾಕಿಸಬೇಕೆಂದಿದ್ದ, ಅವನು ಓಡಿಹೋಗಿದ್ದ. ಬ್ಯಾಂಕಿನ ಲೆಕ್ಕಿಗನ ಕೈಗೆ ಕೊಟ್ಟ, ಅವನು ಅಚ್ಚಿಗೆ ಕೊಡಲಿಲ್ಲ. ಪೂರ್ಣ ಪಾಠ ಬೆಳಕು ಕಂಡದ್ದು 1930ರಲ್ಲಿ. ಅಲ್ಪವಿರಾಮ, ಪೂರ್ಣವಿರಾಮದ ಗೊಡವೆಯಿಲ್ಲದೆ ಉಸಿರು ಕಟ್ಟಿ ಓಡುವ ಭಾಷೆ. ಪೊಲೀಸರನ್ನು ದಪ್ಪ ಕತ್ತಿನವರು, ವೊಂಬ್ಯಾಟ್ ಎಂಬ ಪ್ರಾಣಿಯ ತಲೆಯವರು, ಡೊಳ್ಳು ಹೊಟ್ಟೆಯವರು, ಮ್ಯಾಗ್‌ಪೈ ಹಕ್ಕಿಯ ಕಾಲಿನವರು ಎಂದು ಬೈಯುತ್ತಾನೆ. ವಿಧವೆಯ ಮಗ ನಾನು, ಕಾನೂನು ನನ್ನನ್ನು ಹೊರಹಾಕಿದೆ, ನನ್ನ ಆಜ್ಞೆ ನಡೆಯಲೇಬೇಕು ಎಂದು ಮುಗಿಸುತ್ತಾನೆ. ಈ ದನಿಯನ್ನು ಹಿಡಿದು ಪೀಟರ್ ಕೇರಿ ಬರೆದ ಕಾದಂಬರಿಗೆ 2001ರ ಬೂಕರ್ ಪ್ರಶಸ್ತಿ ಬಂತು. ಹಾಡು ಕಟ್ಟಿದವರ ಬಾಯಲ್ಲಷ್ಟೇ ಮಾತಾಡುವ ಬಂಡುಕೋರರು ಬಹಳ, ತನ್ನ ಮಾತನ್ನು ತಾನೇ ಬರೆಸಿಟ್ಟವನು ಅಪರೂಪ. ಆದರೆ ಅದು ಆರೋಪಿಯ ಹೇಳಿಕೆ ಎಂಬುದು ನೆನಪಿರಲಿ. ಸ್ಟ್ರಿಂಗಿಬಾರ್ಕ್‌ನಲ್ಲಿ ಆತ್ಮರಕ್ಷಣೆಗೆ ಕೊಂದೆ ಎಂದು ಅಲ್ಲಿ ವಾದಿಸುತ್ತಾನೆ. ಸತ್ತ ಪೊಲೀಸರ ಜೇಬು ಬರಿದು ಮಾಡಿದ್ದೂ ಅದೇ ತಂಡ.

ಪ್ರಾಜೆಕ್ಟ್‌ನಲ್ಲಿ ಬಿಡಬೇಕಾದವು. ಗಲ್ಲಿನ ಮುಂದೆ ಜೀವನ ಇಷ್ಟೇ ಎಂದ ಎನ್ನುವ ಪ್ರಸಿದ್ಧ ಕೊನೆಯ ಮಾತು: ಅಂದಿನ ವರದಿಗಳು ಒಂದೊಂದು ಒಂದೊಂದು ಥರ ಬರೆದಿವೆ, ಆದ್ದರಿಂದ ‘ಎಂದು ಹೇಳುತ್ತಾರೆ’ ಅಂತ ಸೇರಿಸಿ. ಬಡವರಿಗೆಲ್ಲ ಹಣ ಹಂಚಿದ ಎಂಬುದು: ಹಣ ಹೋದದ್ದು ಮುಖ್ಯವಾಗಿ ನೆಂಟರಿಗೆ, ನೆರವಾದವರಿಗೆ. ಈಶಾನ್ಯ ವಿಕ್ಟೋರಿಯಾವನ್ನು ಗಣರಾಜ್ಯವಾಗಿ ಘೋಷಿಸಲು ಹೊರಟಿದ್ದ ಎಂಬುದು: ಅಂಥ ಘೋಷಣಾ ಪತ್ರ ಯಾರ ಕೈಗೂ ಸಿಕ್ಕಿಲ್ಲ. ಬಿಡಬಾರದ್ದು 1881ರ ರಾಯಲ್ ಕಮಿಷನ್. ಕೆಲ್ಲಿ ಸತ್ತ ಮೇಲೆ ಸರ್ಕಾರವೇ ಪೊಲೀಸ್ ಇಲಾಖೆಯ ವೈಫಲ್ಯಗಳನ್ನು ವಿಚಾರಿಸಿ ಹಲವು ಅಧಿಕಾರಿಗಳನ್ನು ತಪ್ಪಿತಸ್ಥರೆಂದಿತು. ಮಗಳ ಟೀಚರಿಗೆ ಇದು ಖಂಡಿತ ಇಷ್ಟವಾಗುತ್ತದೆ, ಬಹಳ ಮಕ್ಕಳು ಅಲ್ಲಿಯವರೆಗೆ ಓದುವುದಿಲ್ಲ.

ನೋಡಲು ಹೋಗುವುದಾದರೆ, ಸ್ವಾನ್‌ಸ್ಟನ್ ಸ್ಟ್ರೀಟಿನ ಸ್ಟೇಟ್ ಲೈಬ್ರರಿಯಿಂದ ಶುರುಮಾಡಿ. ನೆಡ್‌ನ ಕವಚ, ಜೆರಿಲ್ಡೆರಿ ಪತ್ರ ಎರಡೂ ಅವರ ಸಂಗ್ರಹದಲ್ಲಿವೆ, ಪತ್ರದ ಪುಟಗಳನ್ನು ಲೈಬ್ರರಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ಓದಬಹುದು. ನಾಲ್ಕು ಕವಚಗಳ ತುಂಡುಗಳು ದಶಕಗಳ ಕಾಲ ಒಂದಕ್ಕೊಂದು ಬೆರೆತುಹೋಗಿದ್ದವು, 2000ದ ದಶಕದ ಆರಂಭದಲ್ಲಿ ಸಂಸ್ಥೆಗಳು ತುಂಡು ವಿನಿಮಯ ಮಾಡಿಕೊಂಡು ಸರಿಪಡಿಸಿದವು. ಹಾಗಾಗಿ ಹಳೆಯ ಪುಸ್ತಕದ ಫೋಟೋ ನೋಡಿ ಮಾದರಿ ಮಾಡಬೇಡಿ. ನಡೆದು ಹೋಗುವಷ್ಟು ಹತ್ತಿರದಲ್ಲಿ, ರಸೆಲ್ ಸ್ಟ್ರೀಟಿನಲ್ಲಿ ಹಳೆಯ ಜೈಲು ಇದೆ, ಅದಕ್ಕೆ ಟಿಕೆಟ್. ಗ್ಲೆನ್‌ರೋವನ್ ಹ್ಯೂಮ್ ಹೆದ್ದಾರಿಯಲ್ಲಿ ಎರಡೂವರೆ ಗಂಟೆಯ ದಾರಿ. ರೈಲು ಅಲ್ಲಿ ನಿಲ್ಲುವುದಿಲ್ಲ, ಬೆನಾಲ್ಲಾದಲ್ಲೋ ವಾಂಗರಟ್ಟಾದಲ್ಲೋ ಇಳಿಯಬೇಕು. ಆರು ಮೀಟರ್ ಎತ್ತರದ ನೆಡ್ ಪ್ರತಿಮೆಯೊಂದಿಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಇನ್ನೊಂದು ದಿನ ಮೀಸಲಿಟ್ಟು ಮ್ಯಾನ್ಸ್‌ಫೀಲ್ಡ್‌ಗೂ ಹೋಗಿ. ಕೊಲೆಯಾದ ಮೂವರು ಪೊಲೀಸರ ಸ್ಮಾರಕ ಊರ ನಡುವೆ, ರಸ್ತೆಯಲ್ಲೇ ಇದೆ. ನೆಡ್‌ನ ಸಮಾಧಿ ಹುಡುಕಬೇಡಿ. 2011ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಮೂಳೆ ಗುರುತಿಸಿ 2013ರ ಜನವರಿ 20ರಂದು ಗ್ರೆಟಾದಲ್ಲಿ ಮಣ್ಣು ಮಾಡಿದರು. ತಲೆಬುರುಡೆ ಮಾತ್ರ ಸಿಕ್ಕಿಲ್ಲ. ಕದಿಯುವವರ ಭಯಕ್ಕೆ ಕಾಂಕ್ರೀಟ್ ಸುರಿದಿದ್ದಾರೆ, ಗುರುತಿನ ಕಲ್ಲೂ ಇಲ್ಲ.

ಇನ್ನು ಟೋಪಿ. ಫ್ರಿಜ್ಜೋ ಟಿವಿಯೋ ಬಂದ ದಪ್ಪ ರಟ್ಟು ತೆಗೆದುಕೊಳ್ಳಿ. ರಟ್ಟಿನೊಳಗಿನ ಏಣುಗೆರೆಗಳು ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಬೇಕು, ಅಡ್ಡ ಬಂದರೆ ದುಂಡಗೆ ಸುತ್ತುವಾಗ ಮಡಿಚಿ ಮುರಿಯುತ್ತದೆ. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲೇ. ಮಗಳ ತಲೆಯ ಸುತ್ತಳತೆಗೆ 14 ಸೆಂಟಿಮೀಟರ್ ಕೂಡಿಸಿ, ಅಂಟಿಸಲು ಇನ್ನೊಂದು 3 ಸೆಂಟಿಮೀಟರ್ ಬಿಡಿ. ಎತ್ತರ 30 ಸೆಂಟಿಮೀಟರ್ ಆದರೆ ಭುಜದ ಮೇಲೆ ಕೂರುತ್ತದೆ. ಸುತ್ತಿ, ಅಂಟು ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿಡಿ. ಆಮೇಲೆ ತಲೆಗೆ ಹಾಕಿಸಿ, ಕಣ್ಣಿನ ನೇರಕ್ಕೆ ಹೊರಗಿನಿಂದ ಪೆನ್ಸಿಲ್ ಗುರುತು ಮಾಡಿ, ತೆಗೆದು ಕಿಂಡಿ ಕತ್ತರಿಸಿ: 2 ಸೆಂಟಿಮೀಟರ್ ಎತ್ತರ, 15 ಅಗಲ. ಕಟರ್ ನಿಮ್ಮ ಕೈಯಲ್ಲಿರಲಿ. ಮೇಲ್ಭಾಗ ಮುಚ್ಚಬೇಡಿ, ನಿಜವಾದದ್ದೂ ಮೇಲೆ ತೆರೆದೇ ಇದೆ. ಒಳಗೆ ಹಳೆಯ ಟವೆಲ್ ಸುತ್ತಿದರೆ ಅಲುಗಾಡುವುದಿಲ್ಲ, ನೆಡ್‌ನೂ ಒಳಗೆ ಮೆತ್ತನೆಯ ಟೊಪ್ಪಿಗೆ ಹಾಕಿಕೊಂಡಿದ್ದ. ಬೆಳ್ಳಿ ಬಣ್ಣ ಬೇಡ. ಕಪ್ಪಿಗೆ ಸ್ವಲ್ಪ ಕಂದು ಬೆರೆಸಿ ಸ್ಪಂಜಿನಿಂದ ಒತ್ತಿದರೆ ತುಕ್ಕು ಹಿಡಿದ ಕಬ್ಬಿಣದಂತೆ ಕಾಣುತ್ತದೆ. ಹಳೆಯ ಶರಟಿನ ಗುಂಡಿಗಳನ್ನು ಅಂಟಿಸಿದರೆ ಬೋಲ್ಟ್ ತಲೆಗಳಾಯಿತು. ಗುಂಡೇಟಿನ ಗುರುತಿಗೆ ತೂತು ಕೊರೆಯಬೇಡಿ, ಚಮಚದ ಬೆನ್ನಿನಿಂದ ಒತ್ತಿ ಗುಳಿ ಮಾಡಿ. ಇಡೀ ವೇಷ ಹಾಕಿಸುವುದಾದರೆ ಎದೆ, ಬೆನ್ನು, ಭುಜ, ಏಪ್ರನ್ ಎಲ್ಲ ರಟ್ಟಿನಲ್ಲೇ ಮಾಡಿ. ಕಾಲಿಗೆ ಮಾತ್ರ ಏನನ್ನೂ ಕಟ್ಟಬೇಡಿ.